ಕಪ್ಪು ಎರಡು

ಅಗರದ ನಂಜುಂಡಣ್ಣನ ಫೋನಿನಲ್ಲಿ ಎರಡು ವರ್ಷ ಮೊಳಗಿದ ಆ ಹಾಡು ನಂಜುಂಡಣ್ಣ ಹಾಡಿದ್ದಲ್ಲ. ಅದನ್ನು ಎಐ ಕೈಯಲ್ಲಿ ಮಾಡಿಸಿದವನು ನಾನು. ಮಾಡಿಸಿ, ನೀನೇ ಹಾಡಿದ್ದು ಎಂದು ಅವನನ್ನೇ ನಂಬಿಸಿದವನೂ ನಾನು. ಹೆಂಡತಿಯ ಮುಂದೆ ಸಣ್ಣದೊಂದು ಸುಳ್ಳು ಹೇಳಲೂ ತೊದಲುವ ನನಗೆ ಆ ಸುಳ್ಳೊಂದು ಹೇಗೆ ಅಷ್ಟು ಸಲೀಸಾಗಿ ಬಂತೋ—

ನಾನು ಕೊಳ್ಳೇಗಾಲದ ಹಾರ್ಮೋನಿಯಂ ಮೇಷ್ಟ್ರು. ಹಳ್ಳಿಯವರಿಗೆ ಪೌರಾಣಿಕ ನಾಟಕ ಕಲಿಸುವುದು ಇಪ್ಪತ್ತೈದು ವರ್ಷದ ಕಸುಬು. ಚಿಂತೆ ಮಾಡುವುದು ಅದಕ್ಕೂ ಹಳೆಯದು. ನಾಟಕಕ್ಕೆ ಇನ್ನೂ ತಿಂಗಳಿರುವಾಗಲೇ ಮೈಕ್ ಕೆಡುತ್ತದೆ, ಪರದೆ ಬೀಳುತ್ತದೆ, ನನಗೆ ಭೇದಿ ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತೇನೆ. ಮೂರನೆಯದು ಸಾಮಾನ್ಯವಾಗಿ ನಿಜವಾಗುತ್ತದೆ.

ಎಐ ತೋರಿಸಿಕೊಟ್ಟವನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯ. ಪಲ್ಲವಿಯನ್ನು ಗುನುಗಿ ಕೊಟ್ಟರೆ ಅದು ಚರಣಕ್ಕೆ ಹತ್ತು ಮಟ್ಟು ಮುಂದಿಡುತ್ತಿತ್ತು. ಒಂಬತ್ತನ್ನು ಎಸೆದು, ಹತ್ತನೆಯದನ್ನು ತಿರುಚಿ ತಿದ್ದಿ ನನ್ನದು ಮಾಡಿಕೊಳ್ಳುತ್ತಿದ್ದೆ. ಎಲ್ಲರಿಗೂ ಹೇಳಿಯೇ ಮಾಡಿದ್ದು, ಅದರಲ್ಲಿ ನಾಚಿಕೆಯಿಲ್ಲ. ನಾಚಿಕೆ ಇರುವುದು ಬೇರೆ ಕಡೆ.

ನಂಜುಂಡಣ್ಣ ಅಗರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಎರಡು ವರ್ಷದ ಹಿಂದೆ ನಾನು ಕಲಿಸಿದ ನಾಟಕದಲ್ಲಿ ಅವನದು ರಾಜನ ಪಾರ್ಟು. ರಾಜನ ಹಾಡು ಮೇಲಕ್ಕೆ ಹೋದಾಗಲೆಲ್ಲ ಅವನ ಗಂಟಲು ಸೀಳುತ್ತಿತ್ತು. ನಾಟಕಕ್ಕೆ ಒಂದು ವಾರವಿದೆ ಎನ್ನುವಾಗ ಕಿರೀಟ ಬಿಚ್ಚಿಟ್ಟು, "ಪಾರ್ಟ್ ಬ್ಯಾರೇವ್ರಿಗೆ ಕೊಟ್ಬುಡಿ ಮೇಷ್ಟ್ರೇ" ಎಂದ. ನಾನು ಹೆದರಿದೆ. ಮಾರನೆಯ ದಿನ ಅವನ ಅಭ್ಯಾಸದ ರೆಕಾರ್ಡಿಂಗನ್ನು ಎಐಗೆ ಕೊಟ್ಟೆ. ಅವನದೇ ದನಿ, ಆದರೆ ಸೀಳಿಲ್ಲ, ನಡುಕವಿಲ್ಲ— ಆ ಉದ್ದದ ಸಾಲು ಒಂದೇ ಉಸಿರಿನಲ್ಲಿ. ಮೊನ್ನೆ ನೀನು ಹಾಡಿದ್ದು, ಕೇಳಿ ನೋಡು ಎಂದು ವಾಟ್ಸಾಪಿನಲ್ಲಿ ಕಳಿಸಿದೆ.

ಅವನು ಕೇಳಿದ. ನಂಬಿದ. ಸಂಜೆ ಎದೆಯೆತ್ತಿಕೊಂಡು ಅಭ್ಯಾಸಕ್ಕೆ ಬಂದ. ಯಳಂದೂರಿನಲ್ಲಿ ಹಾಡಹಗಲಲ್ಲೇ ನಾಟಕವಾಯಿತು. ಮೇಲಿನ ಜಾಗದಲ್ಲಿ ಗಂಟಲು ಮತ್ತೆ ಸೀಳಿದರೂ ಜನ ಚಪ್ಪಾಳೆ ಹೊಡೆದರು. ಆದರೆ ಅವನ ಕಿವಿಯಲ್ಲಿ ಉಳಿದದ್ದು ಫೋನಿನ ಹಾಡು. ಅದನ್ನೇ ರಿಂಗ್‌ಟೋನ್ ಮಾಡಿಕೊಂಡ. ಅದು ಮೊಳಗಿದಾಗಲೆಲ್ಲ ನಾನು ಬೇರೆಲ್ಲೋ ನೋಡುತ್ತಿದ್ದೆ.

ಈ ವರ್ಷ ಹನೂರಿನ ತಂಡದವರೊಬ್ಬರು ಅದನ್ನು ಕೇಳಿ, ಇಂಥ ಗಂಟಲು ನಮ್ಮ ರಾಜನಿಗೆ ಬೇಕು ಎಂದರಂತೆ. ನಂಜುಂಡಣ್ಣ ಒಪ್ಪಿಕೊಂಡುಬಿಟ್ಟ. ಗುರುತಿಲ್ಲದ ಊರಿನಲ್ಲಿ, ತನ್ನದಲ್ಲದ ಗಂಟಲನ್ನು ನಂಬಿ ನಿಲ್ಲುತ್ತಾನೆ ಅವನು. ಹನೂರಿನವರಿಗೂ ಮೇಷ್ಟ್ರು ನಾನೇ, ಮಗ್ಗುಲಲ್ಲಿ ಹಾರ್ಮೋನಿಯಂ ಹಿಡಿದು ನಾನು. ಇನ್ನು ಹೇಳದಿದ್ದರೆ—

ಹೇಳಲು ಗಿರಣಿಗೇ ಹೋದೆ. ಅದರಲ್ಲೂ ಒಂದು ಕಳ್ಳಬುದ್ಧಿ ಇತ್ತು: ಗಿರಣಿಯ ಸದ್ದಿನಲ್ಲಿ ಹೇಳಿದರೆ ಹೇಳಿದ ಹಾಗೂ ಆಯಿತು, ಅವನಿಗೆ ಕೇಳದೆಯೂ ಹೋಯಿತು. ರಾಗಿ ಡಬ್ಬ ಇಟ್ಟುಕೊಂಡು ಏಳೆಂಟು ಹೆಂಗಸರು ಕಾಯುತ್ತಿದ್ದರು. ಅವನು ಏನು ಎಂದು ಕೈಸನ್ನೆಯಲ್ಲೇ ಕೇಳಿದ. ನಾನು ಶಕ್ತಿಯೆಲ್ಲ ಹಾಕಿ ಕೂಗಿದೆ. ಸರಿಯಾಗಿ ಆ ಗಳಿಗೆಗೇ ಕರೆಂಟ್ ಹೋಯಿತು.

"—ಫೋನಲ್ಲಿರದು ನಿನ್ ಗಂಟ್ಲಲ್ಲ ಕಣಣ್ಣ, ಮಿಸೀನಿಂದು!"

ಕಲ್ಲು ತಿರುಗಿ ತಿರುಗಿ ನಿಂತಿತು. ಹಿಂದಿನಿಂದ ಒಬ್ಬಾಕೆ, "ಇನ್ನೊಂದ್ ಕಿತ ಯೋಳಿ ಮೇಷ್ಟ್ರೇ, ಇಂದ್ಗಡೆಯೋರ್ಗೆ ಕೇಳ್ನಿಲ್ಲ" ಎಂದಳು.

ನಂಜುಂಡಣ್ಣ ಕೈಯ ಹಿಟ್ಟು ಒರೆಸಿಕೊಂಡ. ನಾನು ಎಲ್ಲವನ್ನೂ ಹೇಳಿದೆ, ಈ ಸಲ ಮೆಲ್ಲಗೆ.

"ಅಂಗಾರೆ ಸ್ಟೇಜ್ ಮ್ಯಾಲೆ ಆಡ್ದೋನು ಯಾರು?"

"ಅದು ನೀನೇ."

"ಅದ್ರ ರೆಕಾರ್ಡಿಂಗ್ ಅದಾ ನಿಮ್ ತಾವು?"

ಇತ್ತು. ಹಾಕಿದೆ. ಸದ್ದಡಗಿದ ಗಿರಣಿಯಲ್ಲಿ ಎಲ್ಲವೂ ಕೇಳಿಸಿತು, ಸೀಳೂ ಕೇಳಿಸಿತು. ಅವನು ತಲೆ ತಗ್ಗಿಸಿಕೊಂಡು ಕೊನೆಯವರೆಗೂ ಕೇಳಿದ.

ಆಗ ಬಾಯಿಗೆ ಬಂತು, ನನಗೆ ನಾನೂ ಹೇಳಿಕೊಂಡಿರದ ಇನ್ನೊಂದು ಮಾತು. ಆ ಗಂಟಲು ತಾನಾಗಿ ಸೀಳಿದ್ದಲ್ಲ, ನಾನು ಸೀಳಿಸಿದ್ದು. ನನ್ನ ಬೆರಳಿಗೆ ಗೊತ್ತಿರುವ ಶ್ರುತಿ ಒಂದೇ, ಹಾರ್ಮೋನಿಯಂನ ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಮನೆ. ಒಂದೇ ಕಪ್ಪು ಮನೆ ಇಳಿದು ಕಪ್ಪು ಒಂದಕ್ಕೆ ಬಂದಿದ್ದರೆ ಅವನ ದನಿ ನೆಮ್ಮದಿಯಾಗಿ ಕೂರುತ್ತಿತ್ತು. ಮೊದಲ ದಿನದ ಅಭ್ಯಾಸದಲ್ಲೇ ನನಗದು ತಿಳಿದಿತ್ತು. ಇಳಿದರೆ ನನ್ನ ಬೆರಳು ಎಲ್ಲರೆದುರು ಎಡವುತ್ತದೆ— ಅಷ್ಟೇ ಭಯ. ಬೆರಳು ತಿದ್ದಿಕೊಳ್ಳುವ ಬದಲು ಅವನ ಗಂಟಲನ್ನು ತಿದ್ದು ಎಂದು ಯಂತ್ರಕ್ಕೆ ಹೇಳಿದೆ.

ನಂಜುಂಡಣ್ಣ ನನ್ನನ್ನೇ ನೋಡಿದ. "ಅಂದ್ರೆ ಇಪ್ಪತ್ತೈದ್ ವರ್ಸದಿಂದ ನಿಮ್ ಬೆರ್ಳಿನ ಅಳ್ತೆಗೆ ನಮ್ಮೆಲ್ರ ಗಂಟ್ಲು ಒಲೀತಾ ಇದ್ರಿ ಅನ್ನಿ."

ಕರೆಂಟ್ ಬಂತು. ಅವನು ಗಿರಣಿಯ ಬೆಲ್ಟಿನ ಕಡೆ ತಿರುಗಿದ.

ಬಸ್ಸಿನಲ್ಲಿ ಎಂದೂ ಕಣ್ಣು ಮುಚ್ಚದವನು ನಾನು. ಡ್ರೈವರ್ ಪರವಾಗಿ ಬ್ರೇಕ್ ಒತ್ತುತ್ತಾ ಕೂರುತ್ತೇನೆ. ಅವತ್ತು ಅಗರದಿಂದ ಹಿಂದಿರುಗುವಾಗ ಮಾತ್ರ ಬಾಯಿ ತೆರೆದುಕೊಂಡು ನಿದ್ದೆ ಹೋಗಿಬಿಟ್ಟೆ. ಕೊಳ್ಳೇಗಾಲ ಬಂತೆಂದು ಕಂಡಕ್ಟರ್ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಹನೂರಿನವರಿಗೆ ನಂಜುಂಡಣ್ಣನೇ ಫೋನ್ ಮಾಡಿ ಹೇಳಿದನಂತೆ. ಅವರು ಒಂದು ಸಲ ಎದುರಿಗೇ ಹಾಡಿಸಿ ನೋಡಿ, ಪಾರ್ಟನ್ನು ಅವನಿಗೇ ಉಳಿಸಿದರು. ನನ್ನನ್ನೂ ಉಳಿಸಿದರು, ಯಾಕೋ. ಅವನ ಫೋನು ಈಗ ಬರೀ ಟ್ರಿಣ್ ಟ್ರಿಣ್ ಅನ್ನುತ್ತದೆ. ನಿಜವಾದ ಹಾಡನ್ನು ಅವನು ಅದಕ್ಕೆ ಹಾಕಿಕೊಂಡಿಲ್ಲ, ಹಾಕಿಕೊ ಎನ್ನುವ ಬಾಯಿ ನನಗಿಲ್ಲ. ಆ ಟ್ರಿಣ್ ಟ್ರಿಣ್ ಕೇಳಿಸಿದಾಗಲೆಲ್ಲ, ಅವನ ನಂಬಿಕೆಯಲ್ಲಿ ನಾನು ಕಳೆದುಕೊಂಡದ್ದೇನು ಎಂದು ಗೊತ್ತಾಗುತ್ತದೆ.

ಕಳೆದ ಭಾನುವಾರ ಅಭ್ಯಾಸ ಶುರುವಾಯಿತು, ಕಪ್ಪು ಒಂದರಲ್ಲಿ. ನಂಜುಂಡಣ್ಣ ಮೇಲಕ್ಕೆ ಹೋದ. ದನಿ ಎಲ್ಲೂ ಸೀಳಲಿಲ್ಲ. ಮೂರನೆಯ ಸಾಲಿನಲ್ಲಿ ನನ್ನ ಬೆರಳು ದಾರಿ ತಪ್ಪಿತು. ಎಲ್ಲರೂ ನನ್ನನ್ನೇ ನೋಡಿದರು. ಅವನು ಹಾಡು ನಿಲ್ಲಿಸಿದ, ಕೈಕಟ್ಟಿ ನಿಂತ.

"ನಿಧಾನುಕ್ ಬನ್ನಿ ಮೇಷ್ಟ್ರೇ. ಇಲ್ಲೇ ಇರ್ತೀನಿ."

ಮೊದಲ ಸಾಲಿನಿಂದ ಮತ್ತೆ ಹಿಡಿದೆ.