ಕಲ್ಲಿನ ದೋಣಿಯ ಎದುರು ಅಮ್ಮನ ಪಕ್ಷ

ತನಗೆ ಇನ್ನೊಂದು ಸುತ್ತು ಕೀಮೋ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಮ್ಮೂರು ಮಾನ್ಮತ್ ಜಂಕ್ಷನ್ನಿನ ಮನೆಯಲ್ಲೇ ಬಿಟ್ಟು ಬೀಜಿಂಗಿಗೆ ಹೋಗೋಣ ಎಂದವಳು ಅಮ್ಮ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಒಪ್ಪಿದೆ, ಆದರೆ ನ್ಯೂವಾರ್ಕಿನಲ್ಲಿ ವಿಮಾನ ಹತ್ತುವ ಮೊದಲೇ ವಾದ ಶುರು ಮಾಡಿದ್ದೆ. ಹಿಂದಿರುಗಿದ ಕೂಡಲೇ ಡಾಕ್ಟರಿಗೆ ಉತ್ತರ ಹೇಳಬೇಕಿತ್ತು. ಬೇಕು ಎಂಬುದು ನನ್ನ ಪಕ್ಷ.

ಚಕ್ರವರ್ತಿಗಳ ಬೇಸಿಗೆ ಅರಮನೆಯನ್ನು ನೋಡುವ ಆಸೆ ಅಮ್ಮನಿಗೆ ಹತ್ತಿದ್ದು ಅವಳ ಲ್ಯಾಬಿನಲ್ಲಿ. ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದ ಬೀಜಿಂಗಿನ ಹೆಂಗಸು ಊಟದ ಹೊತ್ತಿನಲ್ಲಿ ಅಲ್ಲಿನ ಕೆರೆಯ ಮಾತನ್ನೇ ಆಡುತ್ತಿದ್ದಳಂತೆ. ಕೆರೆ ನಿಜಕ್ಕೂ ದೊಡ್ಡದು. ದಡದುದ್ದಕ್ಕೂ ಚಾವಣಿಯಿರುವ ಮರದ ಓಣಿ, ತೊಲೆತೊಲೆಗೂ ಚಿತ್ರ. ಅಮ್ಮ ನಾಲ್ಕು ಹೆಜ್ಜೆ ನಡೆದು ಕೂರುವಳು, ಮತ್ತೆ ಏಳುವಳು.

"ಇದ್ಯಾವ್ದೂ ಒರಿಜಿನಲ್ ಅಲ್ಲಮ್ಮ. ಪರದೇಶದ ಸೈನ್ಯ ಸುಟ್ಟುಹಾಕಿತ್ತು. ಆಮೇಲೆ ಕಟ್ಟಿದ್ದು ಇದು."

"ನಾನೂ ಒರಿಜಿನಲ್ ಅಲ್ಲ ಬಿಡೇ. ಅರ್ಧ ಕರುಳು ಆಸ್ಪತ್ರೇಲೇ ಬಿಟ್ಟು ಬಂದಿದೀನಿ."

ಈ ತೋಟವನ್ನು ಚಕ್ರವರ್ತಿಯೊಬ್ಬ ತಾಯಿಯ ಹುಟ್ಟುಹಬ್ಬಕ್ಕೆಂದು ಮಾಡಿಸಿದನೆಂದು ಎಲ್ಲೋ ಓದಿದ್ದೆ. ಅದನ್ನೂ ಬಿಡಲಿಲ್ಲ.

"ನೋಡು, ಅಮ್ಮನಿಗೋಸ್ಕರ ಕೆರೇನೇ ತೋಡಿಸ್ದ. ನಾನು ಕೇಳ್ತಿರೋದು ಒಂದೇ ಒಂದು ರೌಂಡು."

"ತೋಡಿದ್ದು ಅವನಾ? ಕೂಲಿಗಳು. ಆ ರೌಂಡ್ ತಗೊಳೋದು ಯಾರು, ನೀನಾ?"

ಕೆರೆಯಂಚಿನಲ್ಲಿ ಕಲ್ಲಿನ ದೋಣಿಯೊಂದು ನಿಂತಿದೆ. ಮೇಲಿನ ಅಂತಸ್ತು ಮರದ್ದು. ಅಮೃತಶಿಲೆಯಂತೆ ಕಾಣಲೆಂದು ಬಣ್ಣ ಬಳಿದಿದ್ದಾರೆ. ಅದರೆದುರು ಕೂತೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಪಕ್ಷ ಬದಲಾಯ್ಸು" ಎಂದಳು.

ಹೈಸ್ಕೂಲಿನ ಡಿಬೇಟಿಗೆ ನನ್ನನ್ನು ತಯಾರು ಮಾಡಿದ್ದು ಅವಳೇ. ನಾನು ಗೆಲ್ಲುವಂತೆ ಕಂಡಾಗಲೆಲ್ಲ ಹೀಗೆ ಪಕ್ಷ ಬದಲಾಯಿಸುತ್ತಿದ್ದಳು. ವಾದವನ್ನು ಕನ್ನಡದಲ್ಲೇ ಹೇಳಬೇಕು; ಇಂಗ್ಲಿಷಿನಲ್ಲಿ ಟೊಳ್ಳು ಗೊತ್ತಾಗುವುದಿಲ್ಲ ಎನ್ನುವಳು. ಯಾರ ಪರ ನಿಂತರೂ 'ನಾನು' ಎಂದೇ ಮಾತಾಡಬೇಕು.

"ಇದು ಡಿಬೇಟ್ ಅಲ್ಲಮ್ಮ."

"ಮನೆ ಬಿಟ್ಟಾಗಿಂದ ನೀನು ಮಾಡ್ತಿರೋದು ಇನ್ನೇನು? ಬೇಕಂತ ಸೋಲ್ಬೇಡ, ನಂಗೆ ಗೊತ್ತಾಗತ್ತೆ."

ಸಿಟ್ಟಿನಲ್ಲೇ, ಅಮ್ಮನಾಗಿ ಶುರು ಮಾಡಿದೆ. "ಹೋದ ಸಲದ ಕೀಮೋದಿಂದ ಸಿಕ್ಕ ತಿಂಗಳೆಲ್ಲ ಬಾತ್‌ರೂಮಿನ ನೆಲದ ಮೇಲೇ ಕಳೀತು. ಡಾಕ್ಟರು ಗುಣ ಆಗತ್ತೆ ಅನ್ನಲಿಲ್ಲ, ಇನ್ನೊಂದಿಷ್ಟು ಟೈಮ್ ಸಿಗತ್ತೆ ಅಂದ್ರು. ಎಂಥಾ ಟೈಮ್ ಅಂತ ಯಾರೂ ನನ್ನ ಕೇಳಲಿಲ್ಲ. ನನ್ನ ಮಗಳು ಬೇಕು ಅಂತಿರೋದು ನನಗೋಸ್ಕರ ಅಲ್ಲ. ನಾನಿಲ್ಲದ ಮನೆಗೆ ಬರೋಕೆ ಅವಳಿಗೆ ಭಯ."



ಪ್ರವಾಸಿಗರ ಗುಂಪೊಂದು ಫೋಟೋ ತೆಗೆದುಕೊಂಡು ಹೋಯಿತು. ಅಮ್ಮ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಎದುರು ಪಕ್ಷದವರು ಏನಾದ್ರೂ ಹೇಳೋದಿದ್ಯಾ?"

ಅವಳ ಭುಜಕ್ಕೆ ತಲೆ ಒರಗಿಸಿದೆ.

"ಭಯ ನಂಗೂ ಇದೆ ಕಣೇ," ಎಂದಳು.

ಊರಿಗೆ ಮರಳಿದ ಮೇಲೆ ಡಾಕ್ಟರ ಆಫೀಸಿಗೆ ಫೋನ್ ಮಾಡಿ ಕೀಮೋ ಬೇಡ ಎಂದದ್ದು ನಾನೇ. ಮತ್ತೆ ಯೋಚಿಸುತ್ತೀರಾ ಎಂದು ನರ್ಸ್ ಕೇಳಿದಳು. ಇಲ್ಲ ಎಂದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕೈ ಒಂದು ಕ್ಷಣ ನಿಂತು, ಮತ್ತೆ ಆಡಿತು.

ಬೇಸಿಗೆಯವರೆಗೂ ಇದ್ದಳು. ಕೆಲವು ದಿನಗಳು ಚೆನ್ನಾಗಿದ್ದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈಗ ಸಂಜೆ ಕೆಲಸದಿಂದ ಬಂದು ಮನೆಯೆದುರಿನ ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿ, ಸ್ವಲ್ಪ ಹೊತ್ತು ಅದರೊಳಗೇ ಕೂತಿರುತ್ತೇನೆ.