ಬುಧವಾರದ ದೇವರು

ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಮುಂದಿನ ಓದನ್ನೆಲ್ಲ ಪಂಚಾಂಗದಿಂದಲೇ ಕಲಿತವಳು. ಹೀಗಾಗಿ ಊರವರು ಹೇಳಿದ್ದನ್ನು ಪಂಚಾಂಗದಲ್ಲಿ ಕಾಣದೆ ನಾನು ನಂಬುವುದಿಲ್ಲ; ಪಂಚಾಂಗ ಹೇಳಿದ್ದನ್ನೂ ಆಕಾಶ ನೋಡದೆ ನಂಬಿದವಳಲ್ಲ.

ಹೋದ ವರ್ಷ, ರೋಣದ ಕಾಲೇಜಿಗೆ ಹೋಗುವ ನನ್ನ ಹದಿನೇಳರ ಮೊಮ್ಮಗಳಿಗೆ ಇದ್ದಕ್ಕಿದ್ದಂತೆ ಭಕ್ತಿ ಬಂದಿತು. ಸೋಮವಾರ ಈಶ್ವರನಿಗೆ ಉಪವಾಸ, ಶನಿವಾರ ಹನುಮಪ್ಪನಿಗೆ. ನಡುನಡುವೆ ಏಕಾದಶಿ, ಸಂಕಷ್ಟಿ. ಸೊಸೆ ಹಿಗ್ಗಿದಳು. ಓಣಿಯ ಹೆಂಗಸರು ತಮ್ಮ ಮಕ್ಕಳಿಗೆ ಇವಳನ್ನು ತೋರಿಸಿ ಬುದ್ಧಿ ಹೇಳತೊಡಗಿದರು. ಅನುಮಾನ ಬಂದದ್ದು ನನಗೊಬ್ಬಳಿಗೆ. ನಮ್ಮ ಸೀಮೆಯಲ್ಲಿ ಉಪವಾಸವೆಂದರೆ ಸಾಬೂದಾಣಿ ಉಸಳಿ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೊಂದು ಲೋಟ ಕೆನೆಹಾಲು. ಉಳಿದ ದಿನಗಳಿಗಿಂತ ತುಸು ಹೆಚ್ಚೇ ತಿನ್ನುವ ವ್ರತವದು. ಇವಳು ಉಂಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ಬುಧವಾರವೂ ತಾಟು ಸರಿಸಿದಾಗ, ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನಿಳಿಸಿ, ಕನ್ನಡಕವೇರಿಸಿ, ಇವತ್ತಿನ ಉಪವಾಸ ಯಾವ ದೇವರದೆಂದು ಕೇಳಿದೆ.

“ಬುಧವಾರದ ದೇವರದು,” ಎಂದಳು.

ಎರಡು ಸಲ ಪುಟ ತಿರುವಿದರೂ ಅಂಥವನ ವಿಳಾಸ ಸಿಗಲಿಲ್ಲ.

ಮರುವಾರ, ನೀರಿನ ಕೊಡ ಇಳಿಸುವಾಗ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದು ಕುಸಿದಳು. ಕೈಹಿಡಿದು ಎತ್ತಿದರೆ ಬಳೆಗಳು ಮೊಣಕೈಯವರೆಗೆ ಜಾರಿದವು. ನನ್ನ ಚೇಷ್ಟೆ ಅಲ್ಲಿಗೆ ನಿಂತಿತು. ಪಕ್ಕದಲ್ಲಿ ಕೂತು, ಊಟ ಬಿಡುವಂಥದ್ದು ಯಾರು ಏನೆಂದರೆಂದು ಕೇಳಿದೆ. ಜಾರಿದ ಬಳೆಗಳನ್ನು ಒಂದೊಂದಾಗಿ ಮಣಿಕಟ್ಟಿಗೆ ತಂದುಕೊಂಡಳು.

“ನೀನಽ ಅಂದಿ. ಗಜೇಂದ್ರಗಡದ ಮದವ್ಯಾಗ, ಎಲ್ಲಾರ ಮುಂದ, ‘ನಮ್ಮ ಹುಡುಗಿ ಭಾಳ ಚಲೋ ಆಗ್ಯಾಳ’ ಅಂತ.”

“ಚಲೋ ಅಂದ್ರ ಚಲೋ ಅಲ್ಲೇನಬೇ?”

“ಅಜ್ಜಿ, ನೀ ಎಮ್ಮಿಗೂ ಹಂಗಽ ಅಂತಿ.”

ಸುಳ್ಳಲ್ಲ. ಗಬ್ಬದ ಎಮ್ಮೆಯ ಬೆನ್ನು ಸವರುತ್ತ ಅದೇ ಮಾತನ್ನು ದಿನವೂ ಆಡುತ್ತಿದ್ದೆ. ನಮ್ಮ ಕಾಲದಲ್ಲಿ ಮೈ ತುಂಬಿಕೊಳ್ಳುವುದಕ್ಕೇ ಚಲೋ ಆಗುವುದೆಂದು ಹೆಸರು. ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಬಳಿ ಇರಲಿಲ್ಲ. ಊರಿನ ಮಾತನ್ನೆಲ್ಲ ಒರೆಗೆ ಹಚ್ಚಿದವಳು ನನ್ನದೊಂದನ್ನು ಬಿಟ್ಟಿದ್ದೆ.

ಗದಗಿನ ದವಾಖಾನೆಗೆ ಕರೆದೊಯ್ದೆವು. ಇದೊಂದು ಬೇನೆ, ಒಂದೇ ಮಾತಿನಿಂದ ಬರುವುದಿಲ್ಲ, ಒಂದೇ ಮಾತಿನಿಂದ ಹೋಗುವುದೂ ಇಲ್ಲ ಎಂದರು ವೈದ್ಯೆ. ಒಂದೇ ಮಾತಿನಿಂದ ಬರುವುದಿಲ್ಲ ಎಂಬುದನ್ನು ನಾನಿನ್ನೂ ಪೂರ್ತಿ ಒಪ್ಪಿಲ್ಲ. ತಿಂಗಳಿಗೆರಡು ಸಲ ಬರಬೇಕು, ಮೈಯ ಮಾತೆತ್ತಬಾರದು, ಉಣ್ಣುವಾಗ ಅವಳ ತಾಟನ್ನು ನೋಡಬಾರದು ಎಂದೂ ವಿಧಿಸಿದರು. ಅಂದಿನಿಂದ ನನ್ನ ತಾಟನ್ನೇ ನೋಡುತ್ತ ಕೂರುತ್ತೇನೆ. ನೋಡುತ್ತ ಕೂತದ್ದಕ್ಕೆ ನನ್ನ ಊಟಕ್ಕೊಂದು ರೊಟ್ಟಿ ಹೆಚ್ಚಾಗಿದೆ.

ಹೋದ ಬುಧವಾರ ಎದುರಿಗೆ ಉಣ್ಣಲು ಕೂತವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಜ್ಜಿ, ಈಗೀಗ ನೀನೂ ಭಾಳ ಚಲೋ ಆಗೀದಿ,” ಎಂದಳು.

ನಗುವಿನಲ್ಲಿ ವಿಧಿ ಮರೆತು ಅವಳ ತಾಟಿನತ್ತ ನೋಡಿಬಿಟ್ಟೆ. ಅರ್ಧ ರೊಟ್ಟಿ ಉಳಿದಿತ್ತು. ಇನ್ನರ್ಧ ಹೊಟ್ಟೆ ಸೇರಿತ್ತು.