ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್

ನಮ್ಮ ದೊಡ್ಡ ಸಿಸ್ಟರ್ ಅವರ ಎಡಗೈ ಮಣಿಕಟ್ಟಿನ ಮೇಲೆ ಉಗುರಿನ ಗಾಯಗಳು ಒಂದರ ಮೇಲೊಂದು ಒಣಗಿ, ಚರ್ಮ ಅಲ್ಲಲ್ಲಿ ಬೆಳ್ಳಗಾಗಿತ್ತು. ನೋವು ತಿನ್ನುವ ಹೆಂಗಸರಿಗೆ ಹಿಡಿದುಕೊಳ್ಳಲು ಅವರು ಕೊಡುತ್ತಿದ್ದುದು ಆ ಕೈಯನ್ನು. ಬಲಗೈ ಕೆಲಸಕ್ಕೆ ಬೇಕಿತ್ತು.

ನಾನು ರಾವಂದೂರು ಕಡೆಯವಳು. ನರ್ಸಿಂಗ್ ಮುಗಿಸಿ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿದಾಗ ನನ್ನನ್ನು ಅವರ ಕೈಕೆಳಗೆ ಹಾಕಿದರು. ಅವರು ಕೆ.ಆರ್. ನಗರದ ಹತ್ತಿರದ ಒಕ್ಕಲು ಮನೆಯ ಹೆಣ್ಣು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುತ್ತಿದ್ದರು. ಮಾತು ಒರಟು. "ಅರಚ್ಬೇಡ ಕಣವ್ವ, ಆ ಶಕ್ತೀನ ಕೆಳಕ್ಕೆ ಕೊಡು" ಎಂದು ಗದರುವರು. ಹೆತ್ತಾದ ಮೇಲೆ ತಾವೇ ಕಾಯಿಸಿದ ರಾಗಿ ಗಂಜಿ ತಂದು, ಲೋಟ ಬರಿದಾಗುವವರೆಗೂ ಎದುರಿಗೇ ನಿಂತಿರುವರು. ಹೊಸದರಲ್ಲಿ ಹೊಲಿಗೆ ಹಾಕುವುದನ್ನು ನೋಡಲಾಗದೆ ನಾನು ಮುಖ ತಿರುಗಿಸಿದರೆ, "ನೀನೇ ಅತ್ಲಾಗ್ ತಿರುಗಿದ್ರೆ ಅವಳು ಯಾರ ಮುಖ ನೋಡ್ಬೇಕೆ?" ಎಂದಿದ್ದರು.

ನಾನು ಸೇರಿದ ವರ್ಷದ ಮಳೆಗಾಲದಲ್ಲಿ ಎನ್. ಬೇಗೂರಿನ ಆಚೆಯಿಂದ ಒಬ್ಬ ಹುಡುಗಿ ಬಂದಳು. ಚೊಚ್ಚಲು. ಗಂಡ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ, ಜೊತೆಗೆ ಅತ್ತೆ ಮಾತ್ರ ಬಂದಿದ್ದಳು. ಮಧ್ಯಾಹ್ನ ಗಂಡು ಮಗು ಹುಟ್ಟಿತು, ಚೆನ್ನಾಗಿಯೇ ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಡಾಕ್ಟರು ಊರಲ್ಲಿರಲಿಲ್ಲ. ಇದ್ದ ಇಂಜೆಕ್ಷನ್ನುಗಳನ್ನೆಲ್ಲ ಕೊಟ್ಟಿದ್ದಾಯಿತು, ಹೊಟ್ಟೆ ತಿಕ್ಕಿದ್ದಾಯಿತು. ಬೇರೆ ಕೇಸಿಗೆ ಹೋಗಿದ್ದ ಆಂಬುಲೆನ್ಸ್ ತಿರುಗಿ ಬರುವಷ್ಟರಲ್ಲಿ ಅವಳ ತುಟಿ ಬಿಳಿಚಿಕೊಂಡಿತ್ತು.

ಮಗುವನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಮೈಸೂರಿನ ದೊಡ್ಡಾಸ್ಪತ್ರೆಗೆಂದು ನಾವಿಬ್ಬರೂ ಅವಳ ಜೊತೆ ಹತ್ತಿದೆವು. ದೊಡ್ಡ ಸಿಸ್ಟರ್ ಗಾಡಿಯೊಳಗೆ ಮಂಡಿಯೂರಿ, ಮುಷ್ಟಿಯಿಂದ ಅವಳ ಹೊಟ್ಟೆಯನ್ನು ಒತ್ತಿ ಹಿಡಿದರು. ಹಳ್ಳ ಬಿದ್ದ ರಸ್ತೆಯಲ್ಲಿ ತಲೆ ಗಾಡಿಯ ಕಂಬಿಗೆ ಬಡಿದರೂ ಕೈ ಬಿಡಲಿಲ್ಲ.

"ಮಗ ಎಲ್ಲವ್ವಾ?" ಎಂದಳು ಹುಡುಗಿ.

"ನಿಮ್ಮತ್ತೆ ಅತ್ರ ಐತೆ. ಕಣ್ ಮುಚ್ಬೇಡ. ನನ್ನೇ ನೋಡ್ತಿರು."

ಅವಳು ನೋಡುತ್ತಲೇ ಇದ್ದಳು. ಮೈಸೂರು ಇನ್ನೂ ದೂರವಿರುವಾಗಲೇ ಆ ನೋಟ ನಿಂತುಹೋಯಿತು. ನಾನು ನಾಡಿ ಹಿಡಿದು "ಸಿಸ್ಟರ್, ಸಾಕು" ಎಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ, ಒತ್ತುತ್ತಲೇ ಇದ್ದರು. ಕೊನೆಗೆ ನಾನೇ ಅವರ ಕೈಗಳನ್ನು ಬಿಡಿಸಿದೆ.

ಗಾಡಿ ತಿರುಗಿಸಿ ವಾಪಸ್ ಬಂದು ಹೆಣ ಇಳಿಸುವ ಹೊತ್ತಿಗೆ ಗಂಡ ಕೊಡಗಿನಿಂದ ಬಂದು ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. "ಕೊಂದ್ಬುಟ್ರಲ್ಲ ನನ್ನೆಡ್ತೀನ!" ಎಂದವನೇ ದೊಡ್ಡ ಸಿಸ್ಟರ್ ಕೆನ್ನೆಗೆ ಬೀಸಿ ಹೊಡೆದ. ಏಟು ಬಲಗಿವಿಯ ಮೇಲೆ ಬಿತ್ತು. ಕುಸಿದು ಕೂತರು. ಕಿವಿಯಿಂದ ರಕ್ತ ಇಳಿದು ಬಿಳಿ ಸೀರೆಯ ಭುಜ ತೊಯ್ದಿತು. ನೆರೆದಿದ್ದವರಲ್ಲಿ ಒಬ್ಬರೂ ಅವನನ್ನು ತಡೆಯಲಿಲ್ಲ. ಅವರಲ್ಲಿ ಎಷ್ಟೋ ಜನರ ಮಕ್ಕಳು ಇವರ ಕೈಯಲ್ಲೇ ಹುಟ್ಟಿದ್ದವು.

ಒಳಗೆ ಬಂದು ಮುಖ ತೊಳೆಯುತ್ತಿದ್ದ ಅವರಿಗೆ ನಾನು ಅಳುತ್ತಾ ಹೇಳಿದೆ, "ನನಗೆ ಈ ಕೆಲಸ ಬೇಡ ಸಿಸ್ಟರ್. ಊರಿಗೆ ಹೋಗ್ತೀನಿ."

"ಓಗೋದಾದ್ರೆ ಓಗು. ತಡೆಯಕ್ಕೆ ನಾನ್ಯಾರು?" ಎಂದರು, ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾ. "ಈಗ್ಲೇ ಬೇಡ ಬುಡು. ಒಳಗೆ ಇನ್ನೊಬ್ಳು ನೋವು ತಿಂತಾವ್ಳೆ. ಅವಳದ್ದೊಂದು ಆಗ್ಲಿ."

ಅವಳದ್ದಾಯಿತು. ನಾನು ಹೋಗಲಿಲ್ಲ.

ಮಗುವಿಗೆ ಲಸಿಕೆ ಹಾಕಿಸುವ ಕಾಲ ಬಂದಾಗ ಅದೇ ಗಂಡ ತನ್ನ ತಾಯಿಯ ಜೊತೆ ಬಂದ. ಮಗು ಸೊರಗಿ ಇಷ್ಟೇ ಇಷ್ಟಾಗಿತ್ತು. ದೊಡ್ಡ ಸಿಸ್ಟರ್ ಬಟ್ಟೆ ಬಿಚ್ಚಿ ನೋಡಿದವರೇ, "ಆಲಿಗೆ ಎಷ್ಟು ನೀರು ಬೆರೆಸ್ತಿದೀಯವ್ವ?" ಎಂದು ಅಜ್ಜಿಯನ್ನು ಬೈದರು. ಪುಡಿ ಹಾಲು ಕಲಸಿ, ಒಳಲೆಯಲ್ಲಿ ಹೇಗೆ ಕುಡಿಸಬೇಕೆಂದು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಅವನು ತಲೆ ತಗ್ಗಿಸಿ, "ತಪ್ಪಾಯ್ತು ಕಣಮ್ಮ" ಎಂದ.

"ಜೋರಾಗಿ ಏಳಪ್ಪ. ಈ ಕಿವಿ ಕೇಳಕಿಲ್ಲ."

ಅವನು ಮಗುವನ್ನೆತ್ತಿಕೊಂಡು ತಾಯಿಯ ಜೊತೆ ಹೊರಟುಹೋದ.

"ಕ್ಷಮಿಸಿಬಿಟ್ರಾ?" ಎಂದು ನಾನು ಕೇಳಿದೆ.

"ಇಲ್ಲ ಕಣೆ. ಅವನ ಮುಖ ನೋಡಕ್ಕೂ ಮನ್ಸಿಲ್ಲ. ಆ ಮಗ ಏನ್ ಮಾಡಿತ್ತು?"

ಆಮೇಲೂ ಬಿಡುವಿದ್ದಾಗಲೆಲ್ಲ ಬಸ್ಸು ಹತ್ತಿ ಆ ಊರಿಗೆ ಹೋಗುತ್ತಿದ್ದರು. ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ಮಗುವನ್ನು ತೂಕ ಹಾಕಿ ಬರುತ್ತಿದ್ದರು. ಮಗು ಉಳಿಯಿತು.

ರಿಟೈರಾದ ಮೇಲೆ ಅವರು ತಮ್ಮನ ಮನೆಗೆ ಹೋದರು. ಅಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದರು. ರಜೆ ಸಿಕ್ಕಾಗಲೆಲ್ಲ ನಾನು ಹೋಗುತ್ತಿದ್ದೆ. ಬೆನ್ನಿನ ಹುಣ್ಣು ತೊಳೆಯುವಾಗ ಅವರಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. "ಮುಕ್ಕು ಮಗಳೆ, ಇನ್ನೊಂದ್ಸಲ ಮುಕ್ಕು, ತಲೆ ಕಾಣ್ತೈತೆ" ಎಂದು ತೊದಲುತ್ತಿದ್ದರು. ಒಂದು ದಿನ ಕಣ್ಣು ಬಿಟ್ಟು ನನ್ನನ್ನೇ ದಿಟ್ಟಿಸಿದರು.

"ಆ ಉಡುಗೀನ ಮೈಸೂರಿಗೆ ಮುಟ್ಟಿಸುದ್ರಾ?"

ಕೇಳುವ ಕಿವಿಯ ಹತ್ತಿರ ಬಾಗಿದೆ. "ಮುಟ್ಟಿಸಿದ್ವಿ ಸಿಸ್ಟರ್. ಉಳ್ಕೊಂಡ್ಲು."

ಅವರ ಮುಖದ ಬಿಗಿ ಸಡಿಲವಾಯಿತು. ಅದೇ ವಾರ ತೀರಿಕೊಂಡರು. ಮೈ ತೊಳೆದು ಸೀರೆ ಉಡಿಸಿದವಳು ನಾನೇ. ಒಬ್ಬ ಗುರುವಿಗೆ ಇಷ್ಟು ದೊಡ್ಡ ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವರಿಂದ ಅಷ್ಟೆಲ್ಲ ಪಡೆದ ನನಗೆ ತಿರುಗಿ ಕೊಡಲು ಸಾಧ್ಯವಾದದ್ದು ಅದೊಂದೇ.